ವ್ಯಾಕ್ಯೂಮ್ ಕ್ಲೀನರ್ ಮಹಾತ್ಮೆ

ಕೊಟ್ಟೂರಿನ ನಮ್ಮ ಮನೆಗೆ ವ್ಯಾಕ್ಯೂಮ್ ಕ್ಲೀನರ್ ಬಂದು ಹದಿನಾಲ್ಕು ತಿಂಗಳಾಯಿತು. ಅಂದಿನಿಂದ ಅದರ ಬಗ್ಗೆ ನನ್ನ ಕಿವಿಗೆ ಬಿದ್ದದ್ದೆಲ್ಲ ನಿಂದೆಯೇ. ಪಕ್ಕದ ಮನೆಯವರು ಅದನ್ನು ಹಿಟ್ಟಿನ ಗಿರಣಿ ಅಂದರು. ನಮ್ಮಾಕೆ ಅದನ್ನು ಇನ್ನೊಂದು ಕೂಸು ಅಂದಳು. ಎತ್ತಿಕೊಂಡು ತಿರುಗಬೇಕು, ತೊಳೆಯಬೇಕು, ಸುಮ್ಮನಿರಿಸಬೇಕು. ಅವ್ವನಂತೂ ಮೊದಲ ದಿನವೇ ‘ಊಳೋ ಮಿಷನ್ನು’ ಎಂದು ನಾಮಕರಣ ಮಾಡಿ ಮುಗಿಸಿದಳು. ಗುಣ ಇದ್ದಲ್ಲಿ ಮತ್ಸರ ಇದ್ದದ್ದೇ. ಆದರೆ ಊರಿಗೊಬ್ಬನಾದರೂ ಸತ್ಯ ಹೇಳುವವನು ಬೇಕಲ್ಲ?

ಅದಕ್ಕೇ ಈ ಮಹಾತ್ಮೆ. ಬರೀ ಭಕ್ತಿಯಿಂದ ಬರೆದದ್ದಲ್ಲ. ಪರೀಕ್ಷೆ ಮಾಡಿ ಬರೆದದ್ದು. ಯಂತ್ರವನ್ನು ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿರುವ ನೆಂಟರಿಷ್ಟರ ಮನೆಗೆಲ್ಲ ಹೋದೆ. ಎದುರಾಳಿಯಾಗಿ ಸಂತೆಯಲ್ಲಿ ಅರವತ್ತು ರೂಪಾಯಿ ಕೊಟ್ಟು ತಂದ ಈಚಲ ಕಸಬರಿಗೆ. ಪ್ರತಿ ಮನೆಯಲ್ಲೂ ಪಡಸಾಲೆಯ ನಡುವೆ ಕುರ್ಚಿ ಹಾಕಿಸಿಕೊಂಡು, ನೋಟ್‌ಬುಕ್ಕು ಪೆನ್ನು ಹಿಡಿದು, ಕಂಡದ್ದನ್ನು ಕಂಡ ಹಾಗೆ ದಾಖಲಿಸಿದ್ದೇನೆ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಯಂತ್ರ ಎಲ್ಲ ಕಡೆಯೂ ಗೆದ್ದಿತು. ಸೋತದ್ದು ನಮ್ಮ ಐದು ತಾಲ್ಲೂಕು.

ಮಹಾತ್ಮೆ ಅಂದಮೇಲೆ ಹುಟ್ಟಿನ ಕಥೆ ಬಿಡಬಾರದು. 1901ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್ ಲಂಡನ್ನಿನ ಒಂದು ಹೋಟೆಲಿನಲ್ಲಿ ಕುರ್ಚಿಯ ಮೇಲೆ ಕರ್ಚೀಫು ಹಾಸಿ, ಅದಕ್ಕೆ ಬಾಯಿ ಹಚ್ಚಿ ಜೋರಾಗಿ ಉಸಿರೆಳೆದ. ಉಸಿರು ಕಟ್ಟಿತು. ಆದರೆ ಕರ್ಚೀಫಿನ ಅಡಿಗೆ ಧೂಳಿನ ಮಚ್ಚೆ ಬಿದ್ದಿತ್ತು. ಅವನು ನೋಡಿದ್ದ ಯಂತ್ರ ಧೂಳನ್ನು ಊದುತ್ತಿತ್ತು. ಊದಿದರೆ ಧೂಳು ಜಾಗ ಬದಲಿಸುತ್ತದೆ ಅಷ್ಟೇ, ಹೀರಿದರೆ ಸೆರೆ ಸಿಗುತ್ತದೆ ಎಂಬ ಜ್ಞಾನೋದಯ ಅವನಿಗಾಯಿತು. ಪೇಟೆಂಟ್ ಮಾಡಿಸಿದ. ಅವನ ಯಂತ್ರ ಕುದುರೆ ಎಳೆಯುವ ಗಾಡಿಯಷ್ಟಿತ್ತು. ಪೆಟ್ರೋಲ್ ಎಂಜಿನ್ ಹೊತ್ತು ಬೀದಿಯಲ್ಲಿ ನಿಂತು, ಕಿಟಕಿಯೊಳಗೆ ಉದ್ದನೆಯ ಕೊಳವೆ ಬಿಡುತ್ತಿತ್ತು. 1902ರಲ್ಲಿ ಏಳನೇ ಎಡ್ವರ್ಡನ ಪಟ್ಟಾಭಿಷೇಕಕ್ಕೆ ಮುಂಚೆ ವೆಸ್ಟ್‌ಮಿನ್‌ಸ್ಟರ್ ಅಬೆಯ ರತ್ನಗಂಬಳಿಗಳ ಧೂಳು ತೆಗೆದದ್ದು ಇದೇ. ಸಿರಿವಂತರ ಮನೆಗಳಲ್ಲಿ ಅತಿಥಿಗಳನ್ನು ಚಹಾಕ್ಕೆ ಕರೆದು, ಧೂಳು ಹೋಗುವುದನ್ನು ತೋರಿಸುವ ಪದ್ಧತಿಯೂ ಹುಟ್ಟಿತು. ಶುಚಿತ್ವದ ಮೂಲಸೂತ್ರ ಅಂದೇ ಸಿದ್ಧವಾಯಿತು: ಮನೆಯೊಡೆಯ ಚಹಾ ಕುಡಿಯುತ್ತಿರಬೇಕು, ಧೂಳು ಬೇರೆಯವರ ಕೈಯಿಂದ ಹೋಗುತ್ತಿರಬೇಕು.

ವಿಷಾದದ ಸಂಗತಿ ಏನೆಂದರೆ, ಅದೇ 1901ರ ಡಿಸೆಂಬರಿನಲ್ಲಿ ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನಕ್ಕೆ ಹೋಗಿದ್ದ ಮೂವತ್ತೆರಡರ ಒಬ್ಬ ಬ್ಯಾರಿಸ್ಟರು ಈ ಸೂತ್ರವನ್ನು ಮುರಿದರು. ಕಕ್ಕಸುಗಳು ಗಲೀಜಾಗಿವೆ ಎಂದು ಸ್ವಯಂಸೇವಕರಿಗೆ ತೋರಿಸಿದರೆ, ಅದು ನಮ್ಮ ಕೆಲಸವಲ್ಲ, ಜಾಡಮಾಲಿಗಳದು ಎಂಬ ಉತ್ತರ ಬಂತಂತೆ. ಸಮಂಜಸವಾದ ಉತ್ತರವೇ. ಆದರೆ ಬ್ಯಾರಿಸ್ಟರು ಒಂದು ಕಸಬರಿಗೆ ಕೇಳಿ ತೆಗೆದುಕೊಂಡು ತಾವೇ ಗುಡಿಸಿದರು. ಲಂಡನ್ನಿನಲ್ಲಿ ಓದಿದವರು, ಅಲ್ಲಿ ಕೆಲವೇ ತಿಂಗಳ ಹಿಂದೆ ಇಂಥ ಅದ್ಭುತ ಪೇಟೆಂಟ್ ಆಗಿದ್ದಾಗ, ಸ್ವಲ್ಪ ತಾಳಬಾರದಿತ್ತೆ? ಆ ಬ್ಯಾರಿಸ್ಟರ ಚಿತಾಭಸ್ಮ ಇರಿಸಿದ ಸ್ಮಾರಕ ನಮ್ಮ ಕೂಡ್ಲಿಗಿಯಲ್ಲಿದೆ. ಅದರ ಮುಂದೆ ಹಾಯುವಾಗೆಲ್ಲ ಕೈ ಮುಗಿಯುತ್ತೇನೆ. ಕಸಬರಿಗೆ ಹಿಡಿಯುವುದೊಂದನ್ನು ಬಿಟ್ಟು ಉಳಿದ ವಿಷಯದಲ್ಲೆಲ್ಲ ನಾನು ಗಾಂಧಿವಾದಿಯೇ.

ವಂಶಾವಳಿಯಲ್ಲಿ ಇನ್ನೊಂದು ಸಣ್ಣ ಕಳಂಕವಿದೆ, ಮುಚ್ಚಿಡುವುದಿಲ್ಲ. ಮನೆಯೊಳಗೆ ಕೈಯಲ್ಲಿ ಹಿಡಿದು ಓಡಾಡಿಸಬಹುದಾದ ವಿದ್ಯುತ್ ಯಂತ್ರ ಮಾಡಿದವನು ಅಮೆರಿಕದ ಓಹಾಯೋದ ಕ್ಯಾಂಟನ್ ಊರಿನ ಜೇಮ್ಸ್ ಮರೇ ಸ್ಪ್ಯಾಂಗ್ಲರ್. ಅಂಗಡಿಯೊಂದರಲ್ಲಿ ಕಸ ಗುಡಿಸುವ ಕೆಲಸ, ಮೇಲೆ ಉಬ್ಬಸ. ಗುಡಿಸಿದಷ್ಟೂ ಕೆಮ್ಮು. 1907ರಲ್ಲಿ ಫ್ಯಾನಿನ ಮೋಟಾರು, ಸೋಪಿನ ಪೆಟ್ಟಿಗೆ, ತಲೆದಿಂಬಿನ ಚೀಲ ಸೇರಿಸಿ ಯಂತ್ರ ಕಟ್ಟಿದ. ಹಿಡಿಕೆಗೆ ಹಾಕಿದ್ದು ಕಸಬರಿಗೆಯ ಕೋಲು. 1908ರಲ್ಲಿ ಪೇಟೆಂಟ್ ಬಂತು. ಹಕ್ಕನ್ನು ಚರ್ಮದ ಸಾಮಾನಿನ ವ್ಯಾಪಾರಿ ವಿಲಿಯಂ ಹೂವರ್ ಕೊಂಡ. ಇಂಗ್ಲೆಂಡಿನಲ್ಲಿ ಇಂದಿಗೂ ಮನೆ ಗುಡಿಸುವುದಕ್ಕೆ ‘ಹೂವರ್ ಮಾಡುವುದು’ ಎನ್ನುತ್ತಾರೆ. ‘ಸ್ಪ್ಯಾಂಗ್ಲರ್ ಮಾಡುವುದು’ ಎಂದು ಯಾರೂ ಅನ್ನುವುದಿಲ್ಲ. ಸರಿಯೇ ಇದೆ. ಗುಡಿಸುವವರ ಹೆಸರು ಉಳಿಯುವ ಸಂಪ್ರದಾಯ ಯಾವ ದೇಶದಲ್ಲೂ ಇಲ್ಲ.

ಭಾರತದಲ್ಲಿ 1982ರಲ್ಲಿ ಶುರುವಾದ ಯುರೇಕಾ ಫೋರ್ಬ್ಸ್ ಕಂಪನಿಯ ಹುಡುಗರು ಟೈ ಕಟ್ಟಿಕೊಂಡು ಮನೆಮನೆಯ ಗಂಟೆ ಒತ್ತಿ ಈ ಯಂತ್ರವನ್ನು ಪರಿಚಯಿಸಿದರು. ಬೆಂಗಳೂರಿನ ನಮ್ಮ ಚಿಕ್ಕಪ್ಪನ ಮನೆಯಲ್ಲಿ ಅಂಥ ಒಂದು ಪ್ರದರ್ಶನ ನೋಡಿದ್ದೆ. ಹುಡುಗ ಹಾಸಿಗೆಯ ಮೇಲೆ ಯಂತ್ರ ಆಡಿಸಿ, ಬಂದ ಧೂಳನ್ನು ಬಟ್ಟೆಯ ಮೇಲೆ ಸುರಿದು ತೋರಿಸಿದ. ಚಿಕ್ಕಮ್ಮ ನಾಚಿಕೆಯಿಂದ ತಲೆ ತಗ್ಗಿಸಿದಳು. ಚಿಕ್ಕಪ್ಪ ಚೆಕ್ ಬರೆದರು. ಅದೇ ಹಾಸಿಗೆಯಲ್ಲಿ ಮಲಗುತ್ತಿದ್ದ ಚಿಕ್ಕಪ್ಪನಿಗೆ ನಾಚಿಕೆ ಯಾಕಾಗಲಿಲ್ಲ ಎಂಬ ಪ್ರಶ್ನೆ ಆಗ ಯಾರಿಗೂ ಹೊಳೆಯಲಿಲ್ಲ. ನನಗೂ ಈಗ ಬರೆಯುವಾಗ ಹೊಳೆಯಿತು, ಬಿಟ್ಟುಬಿಡೋಣ.

ನಮ್ಮ ಯಂತ್ರ ಕಳಿಸಿದವನು ಮಗ. ಬೆಂಗಳೂರಿನಲ್ಲಿ ಏಳನೇ ಮಹಡಿಯಲ್ಲಿದ್ದಾನೆ. “ಅಜ್ಜಿ ಸೊಂಟಕ್ಕೆ ಆರಾಮಾಗ್ಲಿ ಅಂತ ಕಳ್ಸೀನಪ್ಪ” ಎಂದು ಫೋನ್ ಮಾಡಿದ. ಪೆಟ್ಟಿಗೆ ಬಿಚ್ಚಿದಾಗ ಕಂಡದ್ದನ್ನು ಹೇಳುತ್ತೇನೆ: 1600 ವಾಟಿನ ಮೋಟಾರು, 20 ಕಿಲೋಪ್ಯಾಸ್ಕಲ್ ಎಳೆತ, ಕೆಂಪು ಪ್ಲಾಸ್ಟಿಕ್ಕಿನ ಹೊಳೆಯುವ ಮೈ, ಆನೆಯ ಸೊಂಡಿಲಿನಂಥ ಕೊಳವೆ, ಐದು ಮೀಟರ್ ವೈರು, ಮೂರು ಪುಟ್ಟ ಗಾಲಿ, ಒಂಬತ್ತು ಬಗೆಯ ಮೂತಿ. ಪರದೆಗೊಂದು ಮೂತಿ, ಸೋಫಾಕ್ಕೊಂದು ಮೂತಿ, ರತ್ನಗಂಬಳಿಗೊಂದು ಮೂತಿ. ನಮ್ಮ ಮನೆಯಲ್ಲಿ ಸೋಫಾ ಇಲ್ಲ, ರತ್ನಗಂಬಳಿ ಇಲ್ಲ, ಬಾಗಿಲ ಪರದೆ ಅವ್ವನ ಹಳೆ ಸೀರೆ. ಯಂತ್ರ ಸಿದ್ಧವಾಗಿ ಬಂದಿತ್ತು, ಮನೆ ಸಿದ್ಧವಾಗಿರಲಿಲ್ಲ.

ಅದು ಸಾಮಾನ್ಯ ಪರೀಕ್ಷೆಗಳನ್ನು ದಾಟಿದ ಕುಲ ಎಂಬುದನ್ನು ಓದುಗರು ಗಮನಿಸಬೇಕು. ಐರೋಪ್ಯ ಒಕ್ಕೂಟದಲ್ಲಿ ಇದಕ್ಕೊಂದು ಶಾಸ್ತ್ರವೇ ಇದೆ. 2017ರ ಸೆಪ್ಟೆಂಬರಿನಿಂದ ಅಲ್ಲಿ ಮಾರುವ ಯಂತ್ರ 900 ವಾಟಿನ ಒಳಗಿರಬೇಕು, ಸದ್ದು 80 ಡೆಸಿಬಲ್ ದಾಟಬಾರದು, ಗಂಬಳಿಯ ಧೂಳಿನಲ್ಲಿ ನೂರಕ್ಕೆ 75 ಪಾಲು, ಗಟ್ಟಿ ನೆಲದ ಧೂಳಿನಲ್ಲಿ 98 ಪಾಲು ಎತ್ತಬೇಕು. ಕೊಳವೆ 40,000 ಸಲ ಬಾಗಿಸಿದರೂ ಕೆಲಸಕ್ಕೆ ಬರಬೇಕು. ಮೋಟಾರು 500 ತಾಸು ಬಾಳಬೇಕು. ಯಂತ್ರಕ್ಕೆ ಅಂಟಿಸುವ ಲೇಬಲ್ಲಿನಲ್ಲಿ ಗಟ್ಟಿ ನೆಲಕ್ಕೆ ‘ಎ’ ದರ್ಜೆ ಬೇಕೆಂದರೆ ನೂರಕ್ಕೆ 111 ಧೂಳು ಎತ್ತಬೇಕಿತ್ತು! ನೆಲದ ಸೀಳಿನಲ್ಲಿ ತುಂಬಿದ ಧೂಳನ್ನು ಮೂತಿಯ ಅಗಲಕ್ಕಿಂತ ಆಚೆಯಿಂದಲೂ ಗಾಳಿ ಎಳೆಯುವುದರಿಂದ ಲೆಕ್ಕ ನೂರು ದಾಟುತ್ತದೆ. ಇದ್ದದ್ದಕ್ಕಿಂತ ಹೆಚ್ಚು ಎತ್ತುವ ಈ ವಿದ್ಯೆ ನಮ್ಮ ಕಡೆ ಕೆರೆ ಹೂಳೆತ್ತುವ ಬಿಲ್ಲುಗಳಲ್ಲಿ ಮಾತ್ರ ಕಂಡಿದ್ದೆ.

ಆ ಲೇಬಲ್ಲಿನ ಪರೀಕ್ಷೆಯನ್ನು ಧೂಳಿನ ಚೀಲ ಖಾಲಿ ಇರುವಾಗ ಮಾಡುತ್ತಿದ್ದರು. ಚೀಲ ತುಂಬುತ್ತ ಹೋದಂತೆ ಎಳೆತ ಕುಗ್ಗುವ ಯಂತ್ರಗಳಿರುತ್ತವೆ, ಇದು ನ್ಯಾಯವಲ್ಲ ಎಂದು ಕ್ಲೀನರ್ ಮಾಡುವ ಡೈಸನ್ ಕಂಪನಿ ಕೋರ್ಟಿಗೆ ಹೋಯಿತು. 2018ರ ನವೆಂಬರಿನಲ್ಲಿ ಅಲ್ಲಿನ ನ್ಯಾಯಾಲಯ ಲೇಬಲ್ಲಿನ ನಿಯಮವನ್ನೇ ರದ್ದು ಮಾಡಿತು. ನನಗೆ ಈ ತೀರ್ಪು ಒಪ್ಪಿಗೆಯಿಲ್ಲ. ಊಟ ಮಾಡುವ ಮುಂಚೆಯೇ ಪೈಲ್ವಾನನನ್ನು ತೂಗಬೇಕು. ನಮ್ಮ ಯಂತ್ರವೂ ಚೀಲ ಖಾಲಿ ಇದ್ದಾಗ ಅಪ್ರತಿಮ. ಧೂಳು ಒಳಗೆ ಹೋಗತೊಡಗಿದ ಮೇಲೆ ಮಾತ್ರ ಸ್ವಲ್ಪ ಮುನಿಸು.

ಮೊದಲ ಪರೀಕ್ಷೆ ನಮ್ಮ ಮನೆಯಲ್ಲೇ. ನಮ್ಮದು ಹಳೆಯ ಮಾಳಿಗೆ ಮನೆ. ತೊಲೆ, ಜಂತೆ, ಅದರ ಮೇಲೆ ಮಣ್ಣು. ಕೆಳಗೆ ಗುಡಿಸುತ್ತಿರುವಾಗಲೇ ಮೇಲಿನಿಂದ ಮಣ್ಣು ಉದುರುವ ವ್ಯವಸ್ಥೆ. ನಮ್ಮಾಕೆ ಯಂತ್ರ ಹಿಡಿದಳು. ನಾನು ಕುರ್ಚಿಯಲ್ಲಿ ಕುಳಿತು ದಾಖಲಿಸಿದೆ. ನಡುಮನೆಯ ಕಲ್ಲುಚಪ್ಪಡಿಗಳ ಮೇಲೆ ಮೂತಿ ಕೂರಲಿಲ್ಲ. ಒಂದು ಚಪ್ಪಡಿ ಏರು, ಇನ್ನೊಂದು ಇಳಿಜಾರು. ಸಂದಿನಿಂದ ಗಾಳಿ ನುಗ್ಗಿ ಎಳೆತವೆಲ್ಲ ವ್ಯರ್ಥ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವ್ವ ಗಾದೆ ಹೇಳಿದಳು. ಆದರೆ ಇಲ್ಲಿ ನೆಲ ನಿಜವಾಗಿಯೂ ಡೊಂಕಿತ್ತು. ನೂರು ವರ್ಷದಿಂದ ಆ ಡೊಂಕನ್ನು ಕಸಬರಿಗೆ ನಮ್ಮಿಂದ ಮುಚ್ಚಿಟ್ಟಿತ್ತು. ಯಂತ್ರ ಒಂದೇ ದಿನದಲ್ಲಿ ಬಯಲು ಮಾಡಿತು. ಪಡಸಾಲೆಯಿಂದ ನಡುಮನೆಗೆ ಹೋಗಲು ಮೊಳಕಾಲೆತ್ತರದ ಹೊಸ್ತಿಲು. ಮೂರು ಪುಟ್ಟ ಗಾಲಿಗಳು ಅಲ್ಲಿಗೆ ಬಂದು ಭಕ್ತಿಯಿಂದ ನಿಂತವು. ಹೊಸ್ತಿಲು ತುಳಿಯಬಾರದೆಂಬ ಸಂಸ್ಕಾರ ಕಂಪನಿಯವರಿಗೆ ಇದೆ ಎಂದು ಸಂತೋಷವಾಯಿತು. ನಮ್ಮಾಕೆ ಆರು ಕಿಲೋ ಯಂತ್ರವನ್ನು ಎತ್ತಿ ದಾಟಿಸಿದಳು.

ಕೊಟ್ಟೂರೇಶ್ವರನ ತೇರಿನ ವಾರ ನಮ್ಮ ಪಡಸಾಲೆಯ ತುಂಬ ಪಾದಯಾತ್ರೆಯವರು ಮಲಗಿದ್ದರು. ಅವರು ಎದ್ದು ಹೋದ ಮೇಲೆ ಉಳಿದದ್ದು ಮಂಡಕ್ಕಿ, ಮೆಣಸಿನಕಾಯಿ ತೊಟ್ಟು, ನೂರಾರು ಪಾದಗಳ ಮಣ್ಣು. ಮಂಡಕ್ಕಿಯನ್ನು ಯಂತ್ರ ಹೀರಿದ ಪರಿ ಕಂಡು ಓಣಿಯ ಮಕ್ಕಳು ಚಪ್ಪಾಳೆ ತಟ್ಟಿದರು. ಮೆಣಸಿನಕಾಯಿ ತೊಟ್ಟು ಕೊಳವೆಯ ಮೊಣಕೈಯಲ್ಲಿ ಸಿಕ್ಕಿಕೊಂಡು ಮುಂದಿನದೆಲ್ಲ ಅದರ ಹಿಂದೆ ಸರದಿಯಲ್ಲಿ ನಿಂತಿತು. ಅದನ್ನು ತೆಗೆಯಲು ಬೇಕಾದದ್ದು ಕಸಬರಿಗೆಯ ಒಂದು ಕಡ್ಡಿ. ದೊಡ್ಡವರ ದೊಡ್ಡತನ ಇರುವುದು ಸಣ್ಣವರ ಸಹಾಯ ಪಡೆಯುವುದರಲ್ಲಿ.

ಎರಡನೇ ಪರೀಕ್ಷೆ ಕೂಡ್ಲಿಗಿಯಲ್ಲಿ, ತಂಗಿಯ ಮನೆ. ಹೊಸಪೇಟೆಯಿಂದ ಚಿತ್ರದುರ್ಗಕ್ಕೆ ಹೋಗುವ ಹೆದ್ದಾರಿಯ ಪಕ್ಕ. ಹಗಲಿರುಳು ಲಾರಿ, ಕಿಟಕಿಯ ಸರಳು ಮುಟ್ಟಿದರೆ ಬೆರಳಿಗೆ ಕೆಂಪು ಬಣ್ಣ. ನಮ್ಮ ಯಂತ್ರದಲ್ಲಿ ‘ಹೆಪಾ’ ಎಂಬ ಜರಡಿ ಇದೆ. ಈ ದರ್ಜೆಯ ಜರಡಿ 0.3 ಮೈಕ್ರಾನಿನ ಕಣಗಳಲ್ಲೂ ನೂರಕ್ಕೆ 99.97ನ್ನು ಹಿಡಿಯಬೇಕೆಂಬ ಅಳತೆ ಇದೆ. ಹಿಡಿಯಿತು. ಎಷ್ಟು ಚೆನ್ನಾಗಿ ಹಿಡಿಯಿತೆಂದರೆ ಕಾಲು ತಾಸಿನಲ್ಲಿ ಗಾಳಿಗೂ ದಾರಿ ಬಿಡಲಿಲ್ಲ. ಗಾಳಿ ಕಡಿಮೆಯಾದರೆ ಮೋಟಾರಿಗೆ ಹೊರೆ ತಗ್ಗಿ ಅದು ಇನ್ನೂ ವೇಗವಾಗಿ ತಿರುಗುತ್ತದೆ, ದನಿ ಏರುತ್ತದೆ. ಕೆಲಸ ನಿಂತ ಮೇಲೆ ಕೂಗು ಜಾಸ್ತಿ. ತನ್ನನ್ನು ತಂಪಾಗಿಡುವ ಗಾಳಿಯೂ ಅದೇ ಆದ್ದರಿಂದ, ಸ್ವಲ್ಪ ಹೊತ್ತಿಗೆ ಕಾದು ತಾನೇ ಆಫ್ ಆಗುತ್ತದೆ. ನಮ್ಮ ಕಚೇರಿಗಳಲ್ಲಿ ಇಂಥ ಸ್ವಿಚ್ಚು ಇದ್ದಿದ್ದರೆ ಎಷ್ಟು ಕರೆಂಟು ಉಳಿಯುತ್ತಿತ್ತು.

ಕೂಡ್ಲಿಗಿ ತಾಲ್ಲೂಕಿನಲ್ಲಿ ನಮ್ಮ ಯಂತ್ರಕ್ಕೆ ಒಬ್ಬ ಪ್ರತಿಸ್ಪರ್ಧಿ ಇದ್ದಾನೆಂದು ಭಾವ ಹೇಳಿದರು: ಗುಡೇಕೋಟೆ ಕಾಡಿನ ಕರಡಿ. ವಿಚಾರಿಸಿದೆ. ಕರಡಿ ಉಗುರಿನಿಂದ ಹುತ್ತ ಒಡೆಯುತ್ತದೆ. ಮಣ್ಣು ಹೋಗದಂತೆ ಮೂಗಿನ ಹೊಳ್ಳೆ ಮುಚ್ಚಿಕೊಳ್ಳುತ್ತದೆ. ಫೂ ಎಂದು ಊದಿ ಧೂಳು ಹಾರಿಸುತ್ತದೆ. ಆಮೇಲೆ ಉದ್ದನೆಯ ತುಟಿಗಳನ್ನು ಕೊಳವೆ ಮಾಡಿ ಗೆದ್ದಲು ಹೀರುತ್ತದೆ. ಮೇಲಿನ ಸಾಲಿನ ನಡುವಿನ ಎರಡು ಹಲ್ಲು ಅದಕ್ಕೆ ಇಲ್ಲ. ಆ ಸಂದಿಯೇ ಮೂತಿ. ಹೀರುವ ಸದ್ದು ನೂರು ಮೀಟರ್ ಆಚೆಗೂ ಕೇಳುತ್ತದಂತೆ. ಊದುವುದು, ಹೀರುವುದು ಎರಡೂ ಇದೆ, ಕರೆಂಟು ಬೇಡ, ಜರಡಿ ಕಟ್ಟುವುದಿಲ್ಲ, ಹೊಸ್ತಿಲು ದಾಟುತ್ತದೆ. ಆದರೂ ಕರಡಿಗೆ ಎರಡನೇ ಸ್ಥಾನವೇ. ಅದು ಗೆದ್ದಲನ್ನು ಮಾತ್ರ ಹೀರಿ ಧೂಳನ್ನು ಬಿಟ್ಟುಬಿಡುತ್ತದೆ; ಬೇಕಾದದ್ದು ಯಾವುದು ಬೇಡವಾದದ್ದು ಯಾವುದು ಎಂದು ಆರಿಸುವ ಹಳೆಯ ರೋಗ. ಯಂತ್ರಕ್ಕೆ ಭೇದಭಾವವಿಲ್ಲ. ತಂಗಿಯ ಮೂಗುಬೊಟ್ಟನ್ನೂ ಹೀರಿತು. ಚೀಲವನ್ನು ಅಂಗಳದಲ್ಲಿ ಸುರಿದು, ಮೊರದಲ್ಲಿ ಕೇರಿ, ಮಧ್ಯಾಹ್ನದೊಳಗೆ ಅವಳೇ ಹುಡುಕಿಕೊಂಡಳು.

ಮೊರದ ಮಾತು ಬಂತು. ಕೋರ್ಟಿಗೆ ಹೋದ ಆ ಕಂಪನಿ ಕಟ್ಟಿದ ಜೇಮ್ಸ್ ಡೈಸನ್ ಮರ ಕೊಯ್ಯುವ ಮಿಲ್ಲಿನಲ್ಲಿ ಹೊಟ್ಟನ್ನು ಸುಳಿಗಾಳಿಯಿಂದ ಬೇರ್ಪಡಿಸುವುದು ಕಂಡು, ಚೀಲವಿಲ್ಲದ ಯಂತ್ರ ಮಾಡಲು ಹೊರಟ. ಒಟ್ಟು 5,127 ಮಾದರಿ ಮಾಡಿ ನೋಡಿದ. ಗಾಳಿಯ ಸುಳಿಯಲ್ಲಿ ತೂಕದ ಕಣ ಅಂಚಿಗೆ ಹೋಗುತ್ತದೆ, ಹಗುರ ಗಾಳಿ ನಡುವಿನಿಂದ ಹೊರಡುತ್ತದೆ. ನಮ್ಮ ಕಣಗಳಲ್ಲಿ ಹೆಂಗಸರು ಗಾಳಿ ನೋಡಿ ಜೋಳ ತೂರುವಾಗ ಕಾಳು ಕಾಲಬಳಿ ಬೀಳುತ್ತದೆ, ಹೊಟ್ಟು ದೂರ ಹಾರುತ್ತದೆ. ತೂಕ ನೋಡಿ ಬೇರೆ ಮಾಡುವುದು ಅಲ್ಲಿಯೂ ಉಂಟು. ಆದರೆ ಒಂದೇ ಒಂದು ಮಾದರಿಯನ್ನೂ ಪೇಟೆಂಟ್ ಮಾಡಿಸದೆ ಕೂತದ್ದು ನಮ್ಮವರ ಸೋಮಾರಿತನವಲ್ಲದೆ ಇನ್ನೇನು?

ಮೂರನೇ ಪರೀಕ್ಷೆ ಹಗರಿಬೊಮ್ಮನಹಳ್ಳಿ. ಬೇಸಿಗೆಯಲ್ಲಿ ಚಿಕ್ಕಹಗರಿ ಬತ್ತಿ ಮರಳಾಗಿ, ಸಂಜೆಗಾಳಿಗೆ ಎದ್ದು ಊರೊಳಗೆ ಬರುತ್ತದೆ. ಮರಳು ಕೊಳವೆಯೊಳಗೆ ಹೋಗುವಾಗ ಗರಗರ ಎಂಬ ನಾದ ಹೊರಟಿತು, ಮಲಗಿದ್ದ ದೊಡ್ಡಪ್ಪ ಎದ್ದು “ಮಳೆ ಬಂತೇನ್ರೋ?” ಎಂದರು. ಅಷ್ಟರ ಮಟ್ಟಿಗೆ ಯಂತ್ರ ಜನರಲ್ಲಿ ಆಶೆ ಹುಟ್ಟಿಸಿತು. ಕರೆಂಟಿನ ಲೆಕ್ಕವನ್ನೂ ಇಲ್ಲೇ ಹಾಕಿದೆ. 1600 ವಾಟು ದಿನಕ್ಕೊಂದು ತಾಸು ಅಂದರೆ ತಿಂಗಳಿಗೆ 48 ಯೂನಿಟ್ಟು. ಸರಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯಲ್ಲಿ ಹಿಂದಿನ ಸರಾಸರಿಯ ಮೇಲೆ ನೂರಕ್ಕೆ ಹತ್ತರಷ್ಟು ಕೊಡುತ್ತಾರೆ, 200 ಯೂನಿಟ್ಟಿನ ಒಳಗೆ; ಸರಾಸರಿ 48ಕ್ಕಿಂತ ಕಡಿಮೆ ಇದ್ದರೆ ಹತ್ತು ಯೂನಿಟ್ಟು. ದೊಡ್ಡಪ್ಪನ ಮನೆಯ ಸರಾಸರಿ 40. ಯಂತ್ರ ಇಟ್ಟುಕೊಂಡರೆ ಹತ್ತು ಯೂನಿಟ್ಟು ಸರಕಾರದ್ದು, ಉಳಿದದ್ದು ದೊಡ್ಡಪ್ಪನದು. ಇಷ್ಟು ವರ್ಷ ಬರೀ 40 ಯೂನಿಟ್ಟಿನಲ್ಲಿ ಬದುಕಿದ್ದು ಯಾರ ತಪ್ಪು?

ನಾಲ್ಕನೆಯದು ಹೂವಿನ ಹಡಗಲಿ, ಬೀಗರ ಮನೆ. ಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಮಾನ್ಯತೆಯಿದ್ದರೂ ನೆಲಕ್ಕೆ ಬಿದ್ದರೆ ಕಸವೇ. ಬೀಗಿತಿಯವರು ಹೂ ಕಟ್ಟಿ ಎದ್ದ ಜಾಗದಲ್ಲಿ ಯಂತ್ರ ಹಾಕಿಸಿದೆ. ನಾರು, ತೊಟ್ಟು, ಉದುರಿದ ಮೊಗ್ಗು, ಜೊತೆಗೆ ಕಟ್ಟಿಟ್ಟ ಒಂದು ಮೊಳ ಹೂವು ಎಲ್ಲ ಒಳಗೆ ಹೋದವು. ಹೊರಬರುವ ಬಿಸಿಗಾಳಿ ಘಮಘಮ ಎಂದಿತು. ಆಗ ಬೀಗರ ಮೊಮ್ಮಗ ಕುತೂಹಲದಿಂದ ಕೊಳವೆಯನ್ನು ತೆಗೆದು ಹಿಂದಿನ ತೂತಿಗೆ ಸಿಕ್ಕಿಸಿದ. ಅದು ಊದುವ ತೂತು. ಕೊಳವೆಯಲ್ಲಿ ಕೂತಿದ್ದ ಮಲ್ಲಿಗೆ, ಕೂಡ್ಲಿಗಿಯ ಕೆಂಪುಧೂಳು, ಹಗರಿಯ ಮರಳು ಒಟ್ಟಾಗಿ ದೇವರ ಕೋಣೆಯ ಮೇಲೆ ಪುಷ್ಪವೃಷ್ಟಿಯಾಯಿತು. ಬೀಗರು ದೊಡ್ಡ ಮನಸ್ಸಿನವರು, ಏನೂ ಅನ್ನಲಿಲ್ಲ. ಅಲ್ಲಿಂದ ಇತ್ತ ಫೋನೂ ಮಾಡಿಲ್ಲ.

ಐದನೆಯದು ಹರಪನಹಳ್ಳಿ. ಸುಗ್ಗಿ ಮುಗಿದ ಕಾಲ. ಊರ ತುಂಬ ಮೆಕ್ಕೆಜೋಳ ಬಿಡಿಸುವ ಯಂತ್ರ, ಮೈಗೆ ಹತ್ತಿದರೆ ನವೆ ಬರುವ ಹೊಟ್ಟು. ಧೂಳಿನ ವಿಷಯದಲ್ಲಿ ಹರಪನಹಳ್ಳಿಗೆ ವಿಶೇಷ ಅನುಭವವಿದೆ. ಈ ತಾಲ್ಲೂಕು 1997ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು, ಆಮೇಲೆ ದಾವಣಗೆರೆಗೆ ಹೋಯಿತು, ಸಂವಿಧಾನದ 371ಜೆ ವಿಧಿಯ ವಿಶೇಷ ಸೌಲಭ್ಯಕ್ಕಾಗಿ ಹೋರಾಡಿ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಬೋರ್ಡುಗಳ ಮೇಲಿನ ಜಿಲ್ಲೆಯ ಹೆಸರು ಮೂರು ಸಲ ಬದಲಾಯಿತು. ಬೋರ್ಡಿನ ಮೇಲಿನ ಧೂಳು ಅದೇ. ಊದಿದರೆ ಧೂಳು ಜಾಗ ಬದಲಿಸುತ್ತದೆ ಎಂದು ಬೂತ್ ಕಂಡುಕೊಂಡಿದ್ದ. ಧೂಳು ಕದಲದೆ ಜಾಗವೇ ಬದಲಾಗುವ ವಿದ್ಯೆ ಅವನಿಗೂ ಗೊತ್ತಿರಲಿಲ್ಲ. ನಮ್ಮ ಯಂತ್ರ ಇಲ್ಲಿ ಏಳು ನಿಮಿಷ ದುಡಿದು, ಹೊಟ್ಟು ತುಂಬಿ, ಗೌರವದಿಂದ ನಿವೃತ್ತವಾಯಿತು.

ಇನ್ನು ಕಟ್ಟುಮಸ್ತಿನ ಹೋಲಿಕೆ. ಕಸಬರಿಗೆಯ ದೋಷಗಳನ್ನು ನಿರ್ದಾಕ್ಷಿಣ್ಯವಾಗಿ ಹೇಳಬೇಕು. ಹಳ್ಳದ ದಂಡೆಯ ಈಚಲ ಗರಿ ಕೊಯ್ದು, ಒಣಗಿಸಿ, ಸೀಳಿ, ಹದವಾಗಿ ಬಿಗಿದು ಕಟ್ಟಿದ ವಸ್ತು. ಕೊರಮ, ಕೊರಚ ಸಮುದಾಯದವರ ಕೈಕೆಲಸ. ಸಂತೆಯಲ್ಲಿ ಕೂತು ಮಾರುವ ಅಜ್ಜಿಯ ಹತ್ತಿರ ಸೂಚನಾ ಪುಸ್ತಕ ಕೇಳಿದರೆ ನಕ್ಕಳು. ವಾರಂಟಿ ಇಲ್ಲ. ಹೊಸದಿದ್ದಾಗ ನಡುಮನೆ ಗುಡಿಸುತ್ತದೆ. ಸವೆದರೆ ಅಂಗಳಕ್ಕೆ ಬರುತ್ತದೆ, ಇನ್ನೂ ಸವೆದರೆ ದನದ ಕೊಟ್ಟಿಗೆಗೆ. ಮೋಟಾದ ಮೇಲೆ ಬಚ್ಚಲು ತಿಕ್ಕುತ್ತದೆ, ಕೊನೆಗೆ ಬಚ್ಚಲ ಒಲೆಯಲ್ಲಿ ಉರಿದು ನೀರು ಕಾಯಿಸುತ್ತದೆ. ಎಲ್ಲಿಯೂ ನೆಲೆ ನಿಲ್ಲದ ಅಸ್ಥಿರ ಬುದ್ಧಿ. ಜೊತೆಗೆ ಮೂಢನಂಬಿಕೆಗಳು: ತುಳಿಯಬಾರದು, ದೀಪ ಹಚ್ಚಿದ ಮೇಲೆ ಗುಡಿಸಬಾರದು, ಕಡ್ಡಿ ಸುಟ್ಟು ಮಕ್ಕಳ ದೃಷ್ಟಿ ತೆಗೆಯಬೇಕು. ಯಂತ್ರದ ಒಂಬತ್ತು ಮೂತಿಗಳಲ್ಲಿ ದೃಷ್ಟಿ ತೆಗೆಯುವುದು ಒಂದೂ ಇಲ್ಲ. ಅದು ವೈಜ್ಞಾನಿಕ.

ಯಂತ್ರ ಒಡೆದರೆ ಹೊಸಪೇಟೆಗೆ ಒಯ್ಯಬೇಕು, ಅಲ್ಲಿಂದ ಹುಬ್ಬಳ್ಳಿಗೆ ಕಳಿಸುತ್ತಾರೆ. ನಮ್ಮದು ಎರಡು ಸಲ ಹೋಗಿ ಬಂದಿದೆ. ನಮ್ಮ ಮನೆಯಲ್ಲಿ ಅಷ್ಟು ಪ್ರವಾಸ ಮಾಡಿದವರು ಬೇರೆ ಯಾರೂ ಇಲ್ಲ.

ಬಾಳಿಕೆಯ ವಿಷಯಕ್ಕೆ ಬಂದಾಗ ಒಂದು ತೊಡಕು ಎದುರಾಯಿತು. ಕೊಳವೆ 40,000 ಬಾಗು, ಮೋಟಾರು 500 ತಾಸು ಎಂಬ ಐರೋಪ್ಯ ಅಳತೆ ಇದೆಯಲ್ಲ, ಅದಕ್ಕೆ ಹೋಲಿಸಲು ನಮ್ಮ ಕಡೆಯದೊಂದು ಅಂಕಿ ಬೇಕಾಗಿತ್ತು. ಒಂದು ಬೆಳಿಗ್ಗೆ ಐದೂವರೆಗೆ ಎದ್ದು, ಕುರ್ಚಿ ಹಾಕಿಕೊಂಡು, ಅವ್ವ ಗುಡಿಸುವುದನ್ನು ಎಣಿಸಿದೆ. ಪಡಸಾಲೆ, ನಡುಮನೆ, ಆಮೇಲೆ ಧೂಳು ಏಳದಂತೆ ನೀರು ಚಿಮುಕಿಸಿ ಅಂಗಳ. ಒಟ್ಟು 417 ಬೀಸು. ಸಂಜೆ ದೀಪಕ್ಕೆ ಮುಂಚೆ ಇನ್ನೊಂದು ಸಲ. ದಿನಕ್ಕೆ 834. ನಲವತ್ತೆಂಟು ದಿನಕ್ಕೆ 40,032. ಅಂದರೆ ಐರೋಪ್ಯ ಕೊಳವೆಯ ಪೂರ್ಣಾಯುಷ್ಯ ಅವ್ವನಿಗೆ ಸರಿಯಾಗಿ ಒಂದು ಮಂಡಲ.

ಗುಡಿಸುವುದಕ್ಕೆ ಬೆಳಿಗ್ಗೆ ಅರ್ಧ ತಾಸು, ಸಂಜೆ ಅರ್ಧ ತಾಸು. ಹದಿನಾರಕ್ಕೆ ಈ ಮನೆಗೆ ಬಂದವಳಿಗೆ ಈಗ ಎಪ್ಪತ್ನಾಲ್ಕು. 58 ವರ್ಷಕ್ಕೆ 21,170 ತಾಸು. ನಲವತ್ತೆರಡು ಮೋಟಾರು ಸುಟ್ಟುಹೋಗಿರಬೇಕಾದ ಕಾಲ. ಇದನ್ನು ಅವ್ವನ ಹೊಗಳಿಕೆ ಎಂದು ಯಾರೂ ತಿಳಿಯಬಾರದು. ಹಳೆಯ ಮಾದರಿಗಳು ಹಾಗೇ. ಓಡುತ್ತವೆ, ಆದರೆ ಬಿಡಿಭಾಗ ಸಿಗುವುದಿಲ್ಲ. ಎರಡು ವರ್ಷದಿಂದ ಸೊಂಟದ ಹತ್ತಿರ ಸದ್ದು ಬರುತ್ತಿದೆ. ಏಳುವಾಗ ಗೋಡೆ ಹಿಡಿಯುತ್ತಾಳೆ. ಯಂತ್ರ ಎರಡು ಸಲ ಹುಬ್ಬಳ್ಳಿಗೆ ಹೋಗಿ ಬಂತು ಎಂದೆನಲ್ಲ. ಅವ್ವನನ್ನು ಒಮ್ಮೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕೆಂದು ಮಗ ಪ್ರತಿ ಭಾನುವಾರ ನೆನಪಿಸುತ್ತಾನೆ. ಸುಗ್ಗಿ ಮುಗಿಯಲಿ ಎಂದಿದ್ದೇನೆ.

ಪರೀಕ್ಷೆಯ ಪ್ರಾಮಾಣಿಕತೆಯ ಬಗ್ಗೆ ಅನುಮಾನ ಬರಬಾರದೆಂದು ಒಂದು ಮಾತು. ಈ ಹದಿನಾಲ್ಕು ತಿಂಗಳಲ್ಲಿ, ಐದು ತಾಲ್ಲೂಕಿನಲ್ಲಿ, ಯಂತ್ರವನ್ನಾಗಲಿ ಕಸಬರಿಗೆಯನ್ನಾಗಲಿ ನಾನು ಒಂದು ಸಲವೂ ಕೈಯಲ್ಲಿ ಹಿಡಿದಿಲ್ಲ. ನಮ್ಮಾಕೆ ಹಿಡಿದಳು, ತಂಗಿ ಹಿಡಿದಳು, ದೊಡ್ಡಮ್ಮ ಹಿಡಿದಳು, ಬೀಗಿತಿ ಹಿಡಿದರು, ಹರಪನಹಳ್ಳಿಯಲ್ಲಿ ಸೋದರತ್ತೆ ಹಿಡಿದಳು. ಕಾರಿನ ಡಿಕ್ಕಿಗೆ ಎತ್ತಿ ಇಟ್ಟವಳೂ ನಮ್ಮಾಕೆಯೇ. ತೀರ್ಪುಗಾರ ಪೈಲ್ವಾನರ ಮೈ ಮುಟ್ಟಬಾರದು. ನಿಷ್ಪಕ್ಷಪಾತದ ಮೊದಲ ನಿಯಮ ಅದು. ನನಗೆ ತಿಳಿದಂತೆ ಈ ನಿಯಮವನ್ನು ನಮ್ಮ ಐದೂ ತಾಲ್ಲೂಕಿನ ಗಂಡಸರು ತಲೆತಲಾಂತರದಿಂದ ಪಾಲಿಸಿಕೊಂಡು ಬಂದಿದ್ದೇವೆ.

ಆದ್ದರಿಂದ ಅಂತಿಮ ಅಂಕಪಟ್ಟಿ ಹೀಗಿದೆ. ಹೀರುವ ಶಕ್ತಿ, ಸದ್ದು, ಬಣ್ಣ, ಮೂತಿಗಳ ಸಂಖ್ಯೆ, ಪ್ರವಾಸ: ಐದರಲ್ಲೂ ಯಂತ್ರ ಪ್ರಥಮ. ಕರಡಿ ದ್ವಿತೀಯ. ಕಸಬರಿಗೆಗೆ ಸಮಾಧಾನಕರ ಬಹುಮಾನ. ಅವ್ವನನ್ನು ಸ್ಪರ್ಧೆಗೆ ತೆಗೆದುಕೊಂಡಿಲ್ಲ; ಪೆಟ್ಟಿಗೆ, ಬಿಲ್ಲು, ವಾರಂಟಿ ಚೀಟಿ ಯಾವುದೂ ಇಲ್ಲದ್ದನ್ನು ಹೋಲಿಕೆಗೆ ಸೇರಿಸುವ ಪದ್ಧತಿಯಿಲ್ಲ.

ಇನ್ನೂ ಎರಡು ಮಾತು ಬರೆಯಬೇಕಿತ್ತು. ಆದರೆ ಹೊತ್ತು ಮುಳುಗುತ್ತ ಬಂದಿದೆ, ದೀಪ ಹಚ್ಚುವುದಕ್ಕೆ ಮುಂಚೆ ಪಡಸಾಲೆ ಮುಗಿಯಬೇಕು. ಅವ್ವ ಕುರ್ಚಿಯ ಹತ್ತಿರ ಬಂದು ನಿಂತಿದ್ದಾಳೆ.

“ತಮ್ಮಾ, ಕಾಲು ಎತ್ತು.”

ಎತ್ತಿದ್ದೇನೆ.